ಸ್ಯಾಂಟೋಸ್: ಪೆಲೆ ಆಡಿದ ಮೈದಾನ, ಕಾಫಿ ಕಟ್ಟಿದ ಊರು

ನಮಸ್ಕಾರ. ಬ್ರೆಜಿಲ್‌ನ ಸಾವ್ ಪಾಲೊ ಮಹಾನಗರದಿಂದ ಹೊರಟ ಬಸ್ಸು ಸುರಂಗಗಳನ್ನೂ ಎತ್ತರದ ಸೇತುವೆಗಳನ್ನೂ ಹಾದು, ಸೆರಾ ದೊ ಮಾರ್ ಘಾಟಿಯನ್ನು ಇಳಿದು ಕಡಲ ಮಟ್ಟಕ್ಕೆ ಬಂದಾಗ ಎದುರಾಗುವ ಬಂದರು ನಗರವೇ ಸ್ಯಾಂಟೋಸ್. ಪೆಲೆ ತಮ್ಮ ಆಟದ ಬದುಕಿನ ಬಹುಭಾಗವನ್ನು ಕಳೆದದ್ದು ಇಲ್ಲಿನ ಸ್ಯಾಂಟೋಸ್ ಫುಟ್‌ಬಾಲ್ ಕ್ಲಬ್ಬಿನಲ್ಲಿ.

ಈಗ ನೀವು ನೋಡುತ್ತಿರುವುದು ಆ ಕ್ಲಬ್ಬಿನ ಮೈದಾನ. ದಾಖಲೆಗಳಲ್ಲಿ ಇದರ ಹೆಸರು ಉರ್ಬಾನೊ ಕಾಲ್ಡೇರಾ ಕ್ರೀಡಾಂಗಣ ಎಂದಿದ್ದರೂ ಜನರೆಲ್ಲ ಕರೆಯುವುದು ಬಡಾವಣೆಯ ಹೆಸರಿನಿಂದಲೇ, ವಿಲಾ ಬೆಲ್ಮಿರೊ ಎಂದು. 1916ರಲ್ಲಿ ಆರಂಭವಾದ ಈ ಮೈದಾನದಲ್ಲಿ ಇಂದಿಗೂ ಸುಮಾರು 16 ಸಾವಿರ ಜನರಿಗಷ್ಟೇ ಜಾಗವಿದೆ. ಸುತ್ತಲೂ ವಾಸದ ಮನೆಗಳು. ಗೋಡೆಯಾಚೆ ಒಣಹಾಕಿದ ಬಟ್ಟೆಗಳು. 1962 ಮತ್ತು 1963ರಲ್ಲಿ ದಕ್ಷಿಣ ಅಮೆರಿಕದ ಲಿಬರ್ತಡೋರೆಸ್ ಕಪ್ಪನ್ನು ಗೆದ್ದು, ಅದೇ ಎರಡು ವರ್ಷ ಯುರೋಪಿನ ಚಾಂಪಿಯನ್ನರಾದ ಬೆನ್ಫಿಕಾ ಮತ್ತು ಮಿಲಾನ್ ತಂಡಗಳನ್ನೂ ಮಣಿಸಿದ ಕ್ಲಬ್ಬಿನ ಮನೆ ಇಷ್ಟು ಚಿಕ್ಕದೇ ಎಂದು ಯಾರಿಗಾದರೂ ಅನ್ನಿಸದಿರದು. ಆ ಕಾಲದಲ್ಲಿ ಕ್ಲಬ್ಬು ದೇಶದೇಶ ಸುತ್ತಿ ಪ್ರದರ್ಶನ ಪಂದ್ಯಗಳನ್ನಾಡಿ ಹಣ ಗಳಿಸುತ್ತಿತ್ತು. ಪೆಲೆಯನ್ನು ನೋಡುವ ಜನ ಹೊರಗೆ ಲಕ್ಷಗಟ್ಟಲೆ ಇದ್ದರು.

1956ರಲ್ಲಿ 15 ವರ್ಷದ ಹುಡುಗನಾಗಿ ಬಂದ ಪೆಲೆ 1974ರವರೆಗೆ ಇಲ್ಲಿಯೇ ಆಡಿದರು. ಆಟಗಾರರ ಕೋಣೆಯಲ್ಲಿ ಅವರ ಲಾಕರ್ ಇದೆ. ಅವರು ಬೀಗ ಹಾಕಿ ಹೋದ ಮೇಲೆ ಅದನ್ನು ಬೇರೆ ಯಾರಿಗೂ ಕೊಡಲಿಲ್ಲ. 2023ರ ಜನವರಿಯಲ್ಲಿ ಅವರ ಪಾರ್ಥಿವ ಶರೀರವನ್ನು ಈ ಮೈದಾನದ ನಡುವೆಯೇ ಇರಿಸಿದಾಗ ಅಂತಿಮ ದರ್ಶನಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಾಲುಗಟ್ಟಿ ಬಂದರು. ಅದೇ ವರ್ಷದ ಕೊನೆಗೆ ತಂಡ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಎರಡನೆಯ ದರ್ಜೆಗೆ ಇಳಿಯಿತು. 2024ರಲ್ಲಿ ಆ ದರ್ಜೆಯನ್ನು ಗೆದ್ದು ಮೇಲೆ ಬಂದಿತು, 2025ರಲ್ಲಿ ಇದೇ ಕ್ಲಬ್ಬಿನಲ್ಲಿ ಬೆಳೆದ ನೇಮಾರ್ ಮರಳಿದರು.

ಹಳೆಯ ಪೇಟೆಯ ವಲೊಂಗೊ ಭಾಗದಲ್ಲಿ 2014ರಲ್ಲಿ ತೆರೆದ ಪೆಲೆ ವಸ್ತುಸಂಗ್ರಹಾಲಯವಿದೆ. ಅಲ್ಲಿ ಪದಕಗಳೂ ಅಂಗಿಗಳೂ ಇವೆ. ಆದರೆ ಮೈದಾನ ಮಾಡುವ ಪರಿಣಾಮವನ್ನು ಅವು ಮಾಡಲಾರವು ಎಂಬುದು ನನ್ನ ಅಭಿಪ್ರಾಯ. ಸಮಯ ಕಡಿಮೆಯಿದ್ದವರು ನೇರವಾಗಿ ಹತ್ತಿರದ ಹಳೆಯ ಕಾಫಿ ವಿನಿಮಯ ಭವನಕ್ಕೆ ಹೋಗಬೇಕು. 1922ರಲ್ಲಿ ಉದ್ಘಾಟನೆಗೊಂಡ ಈ ಭವನದ ಒಳಾಂಗಣದಲ್ಲಿ ದಲ್ಲಾಳಿಗಳು ಕುಳಿತು ಹರಾಜು ಕೂಗುತ್ತಿದ್ದ ಮರದ ಕುರ್ಚಿಗಳು ವೃತ್ತಾಕಾರವಾಗಿ ಹಾಗೆಯೇ ಇವೆ, ತಲೆಯ ಮೇಲೆ ಬಣ್ಣದ ಗಾಜಿನ ಛಾವಣಿಯಿದೆ, ಗೋಡೆಯ ಮೇಲೆ ಬೆನೆದಿತೊ ಕಾಲಿಶ್ತೊ ಬಿಡಿಸಿದ ದೊಡ್ಡ ಚಿತ್ರಗಳಿವೆ. ಬ್ರೆಜಿಲ್‌ನಲ್ಲಿ ಬೆಳೆ ಕೆಟ್ಟರೆ ತಮ್ಮ ಕಾಫಿಗೆ ಬೆಲೆ ಬರುತ್ತದೆಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಇಂದಿಗೂ ಅಲ್ಲಿನ ಸುದ್ದಿಗೆ ಕಿವಿಗೊಡುತ್ತಾರಲ್ಲವೇ? ಆ ಬ್ರೆಜಿಲ್ ಕಾಫಿ ಹಡಗೇರುವ ಮುಖ್ಯ ಬಂದರು ಇದೇ.

ಕಾಫಿಯಿಂದ ಬಂದ ಜನಸಂದಣಿಗೆ ಈ ತಗ್ಗು ನೆಲ ವಾಸಯೋಗ್ಯವಾದದ್ದು ಸತುರ್ನಿನೊ ದಿ ಬ್ರಿತೊ ಎಂಬ ಎಂಜಿನಿಯರ್ ಯೋಜಿಸಿದ ಕಾಲುವೆಗಳಿಂದ. ಮೊದಲನೆಯದು 1907ರಲ್ಲಿ ಸಿದ್ಧವಾಯಿತು. ಇಂದಿಗೂ ಜನ ದಾರಿ ಹೇಳುವುದು ಮೂರನೇ ಕಾಲುವೆ, ಐದನೇ ಕಾಲುವೆ ಎಂಬ ಲೆಕ್ಕದಲ್ಲಿಯೇ. ಕಾಲುವೆಯ ಗುಂಟ ನಡೆದರೆ ಐದು ಕಿಲೋಮೀಟರಿಗೂ ಉದ್ದವಾದ ಕಡಲತೀರದ ಉದ್ಯಾನ ಸಿಗುತ್ತದೆ.

ಆ ಉದ್ಯಾನದಿಂದ ಕಾಣುವ, ಒಂದರತ್ತ ಒಂದು ವಾಲಿರುವ ಅಪಾರ್ಟ್‌ಮೆಂಟುಗಳು ಕ್ಯಾಮೆರಾದ ಚಮತ್ಕಾರವಲ್ಲ. ಮರಳಿನ ಪದರದ ಕೆಳಗೆ ಮೆತ್ತನೆಯ ಜೇಡಿಯಿದ್ದರೂ ಆಳವಿಲ್ಲದ ಅಡಿಪಾಯದ ಮೇಲೆ ಒತ್ತೊತ್ತಾಗಿ ಕಟ್ಟಿದ್ದರಿಂದ, ಅಕ್ಕಪಕ್ಕದ ಭಾರಕ್ಕೆ ನೆಲ ಒಂದು ಕಡೆ ಹೆಚ್ಚು ಕುಸಿದು ಇವು ಓರೆಯಾದವು. ಹಲವು ಮನೆಗಳಲ್ಲಿ ಜನ ಈಗಲೂ ವಾಸವಾಗಿದ್ದಾರೆ. ಕಡಲು ಎದುರಿಗಿರುವಾಗ ನೆಲದ ಓರೆಯನ್ನು ಅವರು ಸಹಿಸಿಕೊಂಡಂತಿದೆ.