ಬಿಳಿ ಕಣ್ಣಿನ ಜಗಳಗಂಟ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ನಾನೀಗ ಸಿಡ್ನಿಯ ದಕ್ಷಿಣಕ್ಕಿರುವ ರಾಯಲ್ ನ್ಯಾಷನಲ್ ಪಾರ್ಕ್‌ನಲ್ಲಿದ್ದೇನೆ. 1879ರಿಂದ ಕಾಪಾಡಿಕೊಂಡು ಬಂದಿರುವ ಜಾಗ ಇದು. ಸಮುದ್ರದ ಕಡೆಗೆ ಬಂದರೆ ದೊಡ್ಡ ಮರಗಳು ಕಡಿಮೆ. ಮರಳು ನೆಲ, ಜೋರು ಗಾಳಿ, ಒತ್ತಾಗಿ ಬೆಳೆದ ಪೊದೆಗಳು. ಅಲ್ಲಿ ಕಿತ್ತಳೆ ಬಣ್ಣದ ಉದ್ದನೆಯ ಹೂಗೊಂಚಲು ಕಾಣಿಸುತ್ತಿದೆಯಲ್ಲ, ಅದು ಬ್ಯಾಂಕ್ಸಿಯಾ. ಕ್ಯಾಮೆರಾ ಅದರ ಎದುರಿಗೇ ಇಟ್ಟಿದ್ದೇನೆ. ಹಕ್ಕಿಯ ಹಿಂದೆ ಓಡುವುದಕ್ಕಿಂತ ಹೂವಿನ ಮುಂದೆ ಸುಮ್ನೆ ಕೂರುವುದು ವಾಸಿ.

ಬಂತು ನೋಡಿ! ನ್ಯೂ ಹಾಲೆಂಡ್ ಹನಿಈಟರ್. ನಮ್ಮ ಪಿಕಳಾರಕ್ಕಿಂತ ಸ್ವಲ್ಪ ಚಿಕ್ಕದು, ಸುಮಾರು 18 ಸೆಂಟಿಮೀಟರ್. ಮೈತುಂಬಾ ಕಪ್ಪು ಬಿಳಿ ಗೀರು. ರೆಕ್ಕೆ, ಬಾಲದ ಅಂಚಿಗೆ ಹಳದಿ. ಗಲ್ಲದ ಕೆಳಗೆ ನಾಲ್ಕೆಳೆ ಬಿಳಿ ಗಡ್ಡ ಬೇರೆ! ಸ್ವಲ್ಪ ಜೂಮ್ ಮಾಡ್ತೀನಿ. ಕಣ್ಣು ನೋಡಿ, ಪಾಪೆಯ ಸುತ್ತ ಅಚ್ಚ ಬಿಳಿ. ಯಾವಾಗಲೂ ಯಾರನ್ನೋ ದುರುಗುಟ್ಟಿ ನೋಡುತ್ತಿರುವ ಹಾಗೆ ಕಾಣುವುದು ಅದಕ್ಕೇ.

ಈಗ ಸ್ಲೋ ಮೋಷನ್‌ನಲ್ಲಿ ನೋಡೋಣ. ಬಾಗಿದ ಕೊಕ್ಕು ಹೂವಿನೊಳಗೆ ಇಳಿಯಿತು. ನಾಲಿಗೆಯ ತುದಿ ಸಣ್ಣ ಬ್ರಷ್ ಇದ್ದಂತೆ ಸೀಳಿರುತ್ತದೆ, ಮಕರಂದ ಅದಕ್ಕೆ ಅಂಟಿಕೊಂಡು ಬರುತ್ತದೆ. ತಲೆ ಎತ್ತಿದಾಗ ಹಣೆಗೆ ಪರಾಗದ ಪುಡಿ ಮೆತ್ತಿಕೊಂಡಿರುತ್ತದೆ. ಅದೇ ಹಣೆ ಮುಂದಿನ ಹೂವಿಗೆ ತಾಗುತ್ತದೆ. ಬ್ಯಾಂಕ್ಸಿಯಾಗೆ ಬೇಕಾಗಿದ್ದೂ ಅದೇ ಅಲ್ವಾ?

ಆದರೆ ಬರೀ ಸಿಹಿ ಕುಡಿದರೆ ಮೈಗೆ ಸಾಲದು. ಮಕರಂದದಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬಹುದು. ಹಾಗಾಗಿ ಹುಳಹುಪ್ಪಟೆಯೂ ಬೇಕು. ಈಗ ಗಾಳಿಗೆ ಚಂಗನೆ ಹಾರಿ ಹಿಡಿದದ್ದು ಅದನ್ನೇ.

ಅಯ್ಯೋ, ಇನ್ನೊಂದು ಬಂತು. ಶುರುವಾಯಿತು ಜಗಳ! ಹೂವು ಜಾಸ್ತಿ ಇರುವ ಪೊದೆಯನ್ನು ತನ್ನದೇ ಸ್ವಂತ ಆಸ್ತಿ ಅನ್ನುವಂತೆ ಕಾಯುತ್ತದೆ ಇದು. ಆದರೆ ಗಿಡುಗ ಕಂಡರೆ ಕಥೆಯೇ ಬೇರೆ. ಕಂಡ ಹಕ್ಕಿ ಚೀರಿ ಎಚ್ಚರಿಸುತ್ತದೆ, ಉಳಿದವು ಪೊದೆಯೊಳಗೆ ಧುಮುಕುತ್ತವೆ.

ಊರಿನಲ್ಲಿ ದಾಸವಾಳದ ಮೇಲೆ ಕೂರುವ ಸೂರಕ್ಕಿ ನಿಮಗೆ ನೆನಪಾಗಿರಬಹುದು. ನನಗೂ ಆಯಿತು. ಮಕರಂದ ಕುಡಿಯುವ ಚಾಳಿ ಒಂದೇ, ಆದರೆ ಎರಡೂ ಹತ್ತಿರದ ನೆಂಟರಲ್ಲ. ಇದು ಆಸ್ಟ್ರೇಲಿಯಾದ ಹಕ್ಕಿ. ಆಗ್ನೇಯದ ಕರಾವಳಿ, ಟಾಸ್ಮೇನಿಯಾ, ಆ ಕಡೆ ನೈಋತ್ಯ ಮೂಲೆ, ಇಷ್ಟು ಇದರ ಸೀಮೆ. ಗ್ರೆವಿಲಿಯಾ ಹೂ ಬಿಟ್ಟರೆ ಮನೆಯ ಕೈತೋಟಕ್ಕೂ ಬರುತ್ತದೆ.

ಒಂದು ಮಾತು. ಇದೇ ಪೊದೆಗಳಲ್ಲಿ ವೈಟ್ ಚೀಕ್ಡ್ ಹನಿಈಟರ್ ಕೂಡ ಇರುತ್ತದೆ, ಬಣ್ಣವೆಲ್ಲ ಹೆಚ್ಚುಕಡಿಮೆ ಹೀಗೆಯೇ. ಅದರ ಕೆನ್ನೆಯಲ್ಲಿ ದೊಡ್ಡ ಬಿಳಿ ಮಚ್ಚೆ, ಕಣ್ಣು ಮಾತ್ರ ಕಪ್ಪು. ಫೋಟೋ ತೆಗೆಯುವಾಗ ಮೊದಲು ಕಣ್ಣಿಗೇ ಫೋಕಸ್ ಮಾಡಿ.