ಯಾವ ಎಬ್ಸಿಡಿಕ್ ಸ್ವಾಮಿ? ನಂಬರ್ ಹೇಳಿ!

ನಮಸ್ಕಾರ ನಮಸ್ಕಾರ. ಇವತ್ತು ಜೆಸಿಎಲ್, ಅಂದ್ರೆ ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪನಿಗಳ ದೊಡ್ಡ ಕಂಪ್ಯೂಟರ್‌ಗೆ ಕೆಲಸ ಒಪ್ಪಿಸೋ ಭಾಷೆ, ಆ ಸೀರೀಸ್‌ದು ನಾಲ್ಕನೇ ಎಪಿಸೋಡ್ ಮಾಡ್ಬೇಕಿತ್ತು, ಸ್ಕ್ರಿಪ್ಟೂ ರೆಡಿ ಇತ್ತು. ಅಷ್ಟರಲ್ಲಿ ಹೋದ ವಿಡಿಯೋ ಕೆಳಗೆ ಒಬ್ಬ ಪುಣ್ಯಾತ್ಮ ಕಾಮೆಂಟ್ ಹಾಕಿದಾನೆ, ಓದ್ತೀನಿ ಕೇಳಿ: "ಅಣ್ಣಾ, ಜರ್ಮನ್ ಫೈಲ್ ಬಂದ್ರೆ ಎಬ್ಸಿಡಿಕ್ ಟು ಆಸ್ಕಿ ಹೊಡಿ, ಮುಗೀತು. ಇದಕ್ಯಾಕೆ ಇಷ್ಟು ಕುಯ್ತೀಯಾ?" ಅದಕ್ಕೆ ನಲವತ್ತೊಂದು ಲೈಕು. ನನ್ನ ವಿಡಿಯೋಗೇ ಅಷ್ಟು ಬಿದ್ದಿಲ್ಲ ಕಣ್ರೀ.

ಎಬ್ಸಿಡಿಕ್ ಟು ಆಸ್ಕಿ ಅಂತೆ. ಹೊಸಬರಿಗೆ ಹೇಳ್ಬಿಡ್ತೀನಿ, ಎರಡೂ ಅಕ್ಷರಗಳನ್ನ ಬೈಟ್ ಆಗಿ, ಅಂದ್ರೆ ನಂಬರ್ ಆಗಿ ಇಟ್ಕೊಳ್ಳೋ ಪದ್ಧತಿ: ಎಬ್ಸಿಡಿಕ್ ಐಬಿಎಂ ಮೇನ್‌ಫ್ರೇಮ್‌ದು, ಆಸ್ಕಿ ಮಾಮೂಲಿ ಕಂಪ್ಯೂಟರ್‌ದು. ಯಾವ ಎಬ್ಸಿಡಿಕ್? ಎಬ್ಸಿಡಿಕ್ ಅನ್ನೋದು ಮನೆತನದ ಹೆಸರು ಸ್ವಾಮಿ, ಆಸಾಮಿ ಹೆಸರಲ್ಲ. 1964ರಲ್ಲಿ ಐಬಿಎಂನೋರು ಸಿಸ್ಟಮ್ 360 ಅನೌನ್ಸ್ ಮಾಡ್ದಾಗ ಇದು ಅದ್ರ ಜೊತೆಗೇ ಬಂತು, ಆಮೇಲೆ ಸಂಸಾರ ಬೆಳೀತು. ಯಾವ ಬೈಟ್‌ಗೆ ಯಾವ ಅಕ್ಷರ ಅನ್ನೋ ಪಟ್ಟಿಗೆ ಕೋಡ್ ಪೇಜ್ ಅಂತಾರೆ. ಅಮೆರಿಕಾಗೆ ಕೋಡ್ ಪೇಜ್ 037, ಜರ್ಮನಿ ಆಸ್ಟ್ರಿಯಾಗೆ 273, ಯೂರೋ ಬಂದ್ಮೇಲೆ ಅದೇ 273ರಲ್ಲಿ ಒಂದೇ ಒಂದು ಸೀಟು ಯೂರೋ ಚಿಹ್ನೆಗೆ ಬಿಟ್ಕೊಟ್ಟು 1141. ಅದಕ್ಕೇ ನಾನು ಬಡ್ಕೊಳ್ಳೋದು, ಎಬ್ಸಿಡಿಕ್ ಅನ್ಬೇಡಿ, ನಂಬರ್ ಹೇಳಿ.

ಒಂದು ಹೆಸರು ತಗೊಳ್ಳಿ, ಮ್ಯೂಲರ್, ಬರೆಯೋದು Müller ಅಂತ. ಜರ್ಮನಿಲಿ ಕಣ್ಮುಚ್ಚಿ ಕಲ್ಲು ಎಸೆದ್ರೂ ಒಬ್ಬ ಮ್ಯೂಲರ್‌ಗೆ ಬೀಳುತ್ತೆ, ಅಷ್ಟು ಜನ ಇದಾರೆ. ಆರು ಅಕ್ಷರ, ಮೇನ್‌ಫ್ರೇಮಲ್ಲಿ ಆರು ಬೈಟು, ಹೆಕ್ಸ್ ಅನ್ನೋ ಹದಿನಾರರ ಲೆಕ್ಕದಲ್ಲಿ ಬರೆದ್ರೆ: ಡಿ4, ಡಿ0, 93, 93, 85, 99. ಇದ್ರಲ್ಲಿ ಆ ಎರಡನೇ ಬೈಟ್ ನೋಡಿ, ಡಿ0. 273ರಲ್ಲಿ ಓದಿದ್ರೆ ಅದು ತಲೆ ಮೇಲೆ ಎರಡು ಚುಕ್ಕಿ ಇಟ್ಕೊಂಡಿರೋ ಯು. 037ರಲ್ಲಿ ಓದಿದ್ರೆ? ಕರ್ಲಿ ಬ್ರಾಕೆಟ್, ಅದೂ ಕ್ಲೋಸಿಂಗು! ಎಂ, ಆಮೇಲೆ }, ಆಮೇಲೆ ಎಲ್ ಎಲ್ ಇ ಆರ್. ಮನುಷ್ಯನ ಹೆಸರು ಮಧ್ಯದಲ್ಲೇ ಮುಚ್ಕೊಂಡ್ ಹೋಯ್ತು. ಚುಕ್ಕಿ ಎ ಕೂತಿರೋದು ಸಿ0ಲಿ, ಅದು { ಆಗುತ್ತೆ. ಬೀಟಾ ಥರ ಕಾಣುತ್ತಲ್ಲ ಎಸ್‌ತ್ಸೆಟ್ ಅಂತ, ಎ1ರಲ್ಲಿರೋದು, ಅದು ~ ಆಗುತ್ತೆ. ಶ್ಟ್ರಾಸೆ ಅಂದ್ರೆ ಬೀದಿ, ಅದನ್ನ ಬರೆಯೋದು ಈ ಎಸ್‌ತ್ಸೆಟ್ ಹಾಕಿ, ಆ ಬೀದಿಲಿ ಹಾವು ಹರಿದಾಡ್ತಿರುತ್ತೆ.

ಇದು ಪುಸ್ತಕ ಓದ್ಕೊಂಡು ಹೇಳ್ತಿರೋದಲ್ಲ. ನಾನು ಜರ್ಮನಿ ಕಡೆಯ ಒಂದು ಇನ್ಶೂರೆನ್ಸ್ ಕಂಪನಿಗೆ ಇಲ್ಲಿ ಬೆಂಗಳೂರಲ್ಲಿ ಕೂತು ನೈಟ್ ಸಪೋರ್ಟ್ ಮಾಡ್ತಿದ್ದೆ, ಹೆಸರು ಬೇಡ ಬಿಡಿ. ರಾತ್ರಿ ಎರಡೂವರೆಗೆ ಫೋನು, ಕಸ್ಟಮರ್‌ಗೆ ಹೋಗೋ ಕಾಗದಗಳ ಮೇಲೆಲ್ಲಾ ಬ್ರಾಕೆಟ್ ಪ್ರಿಂಟಾಗಿದೆ ಅಂತ. ಫೈಲ್ ಕಳಿಸಿದೋನ್ನ ಕೇಳ್ದೆ, ಯಾವ ಕೋಡ್ ಪೇಜ್ ಗುರು? "ಎಬ್ಸಿಡಿಕ್" ಅಂದ. ಅದ್ ಗೊತ್ತಪ್ಪಾ, ಯಾವ ಎಬ್ಸಿಡಿಕ್? "ನಾರ್ಮಲ್ ಎಬ್ಸಿಡಿಕ್." ನಾರ್ಮಲ್ ಅಂತೆ! ಬೆಳಗ್ಗೆ ಆರು ಗಂಟೆವರೆಗೂ ಆ ನಾರ್ಮಲ್ ಹುಡುಕ್ದೆ ನಾನು, ಕ್ಯಾಂಟೀನಲ್ಲಿ ಚಿತ್ರಾನ್ನ ಕೂಡ ಖಾಲಿ ಆಗಿತ್ತು.

ನಂಬರ್ ಹೇಳ್ರೀ, ಮೂರೋ ನಾಲ್ಕೋ ಅಂಕಿ, ನಿಮ್ಮಪ್ಪನ ಗಂಟೇನ್ ಹೋಗುತ್ತೆ.

ಇನ್ನೂ ಮಜಾ ಇದೆ. ಜರ್ಮನ್ ಟರ್ಮಿನಲ್ ಮುಂದೆ ಕೂತೋನು ಡೇಟಾಸೆಟ್ (ಮೇನ್‌ಫ್ರೇಮಲ್ಲಿ ಫೈಲ್‌ಗೆ ಹಾಗಂತಾರೆ) ಹೆಸರಲ್ಲಿ @ ಇದ್ರೆ § ಒತ್ತಬೇಕು, ಯಾಕಂದ್ರೆ ಸಿಸ್ಟಮ್‌ಗೆ ಬೇಕಾಗಿರೋದು 7ಸಿ ಅನ್ನೋ ಬೈಟು, 273ರಲ್ಲಿ ಆ ಸೀಟಲ್ಲಿ ಕೂತಿರೋದು §. ಸಿ ಭಾಷೆಲಿ ಪ್ರೋಗ್ರಾಂ ಬರೆಯೋನ ಕಥೆ ಕೇಳ್ಲೇಬೇಡಿ, ಅವನ ಬ್ರಾಕೆಟ್ ಕಂಪೈಲರ್‌ಗೆ, ಅಂದ್ರೆ ಪ್ರೋಗ್ರಾಂನ ಮಷೀನ್ ಭಾಷೆಗೆ ಇಳಿಸೋ ಸಾಫ್ಟ್‌ವೇರ್‌ಗೆ, ಬ್ರಾಕೆಟ್ ಆಗಿ ಕಾಣಲ್ಲ. ಇಂಥೋರಿಗೂ ಉಪಯೋಗ ಆಗೋ ಥರ ಸಿ ಸ್ಟ್ಯಾಂಡರ್ಡ್‌ನಲ್ಲಿ ಟ್ರೈಗ್ರಾಫ್ ಅಂತ ಇಟ್ಟಿದ್ರು, { ಬದಲು ??< ಅಂತ ಹೊಡೆಯೋದು. ಸಿ ಪ್ಲಸ್ ಪ್ಲಸ್ ಭಾಷೆಯ 2017ರ ಆವೃತ್ತಿಲಿ ಅದನ್ನ ಕಿತ್ತಾಕೋಕೆ ಹೊರಟಾಗ ಬೇಡ ಬೇಡ ಅಂತ ತಕರಾರು ಎತ್ತಿದ್ದು ಯಾರು? ಐಬಿಎಂ. ಹೆತ್ತೋರಿಗೆ ಗೊತ್ತು ಹೆಗ್ಗಣದ ಕಥೆ.

ಮತ್ತೆ ಈ ಕ್ಯಾಪಿಟಲ್ ಲೆಟರ್ ಟ್ರಿಕ್. ಎಬ್ಸಿಡಿಕ್‌ನಲ್ಲಿ ಸಣ್ಣ ಎ 81, ದೊಡ್ಡ ಎ ಸಿ1, ಮಧ್ಯೆ ವ್ಯತ್ಯಾಸ 40, ಸ್ಪೇಸ್‌ನ ಬೈಟೂ ಅದೇ 40. ಅದಕ್ಕೆ ಹಳೇ ಅಸೆಂಬ್ಲರ್ ಹುಲಿಗಳು ಇಡೀ ಫೀಲ್ಡ್‌ನ ಸ್ಪೇಸ್ ಜೊತೆ "ಆರ್" (OR) ಮಾಡಿಬಿಡೋರು, ಅಂದ್ರೆ ಆ 40ರ ಬಿಟ್ ಇಲ್ದಿರೋ ಬೈಟ್‌ಗೆಲ್ಲಾ ಅದನ್ನ ಸೇರಿಸಿಬಿಡೋರು, ಎಲ್ಲಾ ಕ್ಯಾಪಿಟಲ್. ಬುದ್ಧಿವಂತಿಕೆನೇ, ಒಪ್ತೀನಿ. ಜರ್ಮನ್ ಅಡ್ರೆಸ್ ಮೇಲೆ ಮಾಡಿ ನೋಡಿ. ಚುಕ್ಕಿ ಅಕ್ಷರಗಳಲ್ಲಿ ಆ ಬಿಟ್ ಆಗ್ಲೇ ಇದೆ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ಸಣ್ಣದಾಗೇ ಕೂತಿರ್ತವೆ, ಎಸ್‌ತ್ಸೆಟ್ ಮಾತ್ರ ಎ1ರಿಂದ ಇ1ಗೆ ಹಾರುತ್ತೆ. ಇ1ರಲ್ಲಿ ಏನಿದೆ? ÷. ಭಾಗಾಕಾರ! ಬೀದಿ ಹೆಸರಲ್ಲಿ ಗಣಿತ.

ಹೊಸಬರಿದ್ರೆ ಸಬ್‌ಸ್ಕ್ರೈಬ್ ಒತ್ಕೊಳ್ಳಿ, ಬೆಲ್ ಐಕಾನ್ನೂ ಒತ್ತಿ. "ನಂಬರ್ ಹೇಳಿ" ಅಂತ ಕಾಫಿ ಮಗ್ ಮಾಡ್ಸಿದೀನಿ, ಇಲ್ಲಿ ನೋಡಿ, ಹಿಂದ್ಗಡೆ 273 ಅಂತ ದಪ್ಪಕ್ಕೆ ಬರೆದಿದೆ. ಮೆಂಬರ್‌ಗಳಿಗೆ ಡಿಸ್ಕೌಂಟ್ ಇದೆ, ನನ್ನ ಹೆಂಡತಿ ಬೇಡ ಅಂದಿದ್ಲು, ಆದ್ರೂ ಕೊಡ್ತಿದೀನಿ.

ಈಗ ಬರ್ತಾರೆ ಜಾಣರು, "ಸರ್ ಎಲ್ಲಾ ಯುಟಿಎಫ್-8 ಮಾಡಿಬಿಡಿ." ಆಹಾ. ಎಲ್ಲಾ ಭಾಷೆ ಅಕ್ಷರಕ್ಕೂ ಜಾಗ ಇರೋ ಪದ್ಧತಿ ಅದು, ಒಪ್ತೀನಿ. ಆದ್ರೆ ಕೊಬೋಲ್ ಅನ್ನೋ ಹಳೇ ಭಾಷೆಲಿ ರೆಕಾರ್ಡ್ ನಕ್ಷೆಗೆ ಕಾಪಿಬುಕ್ ಅಂತಾರೆ, ಅದ್ರಲ್ಲಿ ಹೆಸರಿಗೆ ಪಿಕ್ ಎಕ್ಸ್ 30, ಮೂವತ್ತೇ ಬೈಟು. ಯುಟಿಎಫ್-8ರಲ್ಲಿ ಚುಕ್ಕಿ ಯುಗೆ ಎರಡು ಬೈಟ್ ಬೇಕು, ಜಾಗ ಎಲ್ಲಿಂದ ತರ್ತೀಯಪ್ಪಾ, ಪಕ್ಕದ್ಮನೆಯಿಂದ? ಅದೇ ರೆಕಾರ್ಡಲ್ಲಿ ಕಾಂಪ್-3 ಅಂತ, ಒಂದು ಬೈಟಲ್ಲಿ ಎರಡು ಅಂಕಿ ತುರುಕಿರೋ ದುಡ್ಡಿನ ಫೀಲ್ಡ್ ಇರುತ್ತೆ, ಅದು ಅಕ್ಷರನೇ ಅಲ್ಲ, ಇಡೀ ಫೈಲ್‌ನ ಕಣ್ಮುಚ್ಕೊಂಡು ಕನ್ವರ್ಟ್ ಮಾಡಿದ್ರೆ ಪ್ರೀಮಿಯಂ ದುಡ್ಡು ಗೋವಿಂದಾ. ಮತ್ತೆ ಯುಟಿಎಫ್-8ಗೆ ಹೋಗೋಕೂ ಎಲ್ಲಿಂದ ಹೊರಟಿದೀವಿ ಅಂತ ಗೊತ್ತಿರ್ಬೇಕಲ್ವಾ? ಮೆಜೆಸ್ಟಿಕ್‌ಗೆ ಟಿಕೆಟ್ ಕೊಡಿ ಅಂದ್ರೆ ಕಂಡಕ್ಟರ್ ಕೇಳಲ್ವಾ, ಎಲ್ ಹತ್ತಿದ್ರಿ ಅಂತ?

ಇನ್ನೊಬ್ಬರು, "ಪೈಥಾನ್ ಮಾಡ್ಕೊಳುತ್ತೆ ಸರ್." ಪೈಥಾನ್ ಭಾಷೆಗೆ 273 ಬಂದಿದ್ದೇ 3.4ನೇ ಆವೃತ್ತಿಲಿ, 2014. ಅದಕ್ಕೂ ಮುಂಚೆ ಇವ್ರೆಲ್ಲಾ 037 ಹಾಕಿ ಮ್ಯೂಲರ್‌ಗೆ ಬ್ರಾಕೆಟ್ ತೊಡಿಸ್ತಿದ್ರು. ಈಗ್ಲೂ ನಂಬರ್ ಕೊಡ್ಬೇಕಾಗಿರೋನು ನೀನೇ, ಅದೇನು ಮೂಸಿ ನೋಡಿ ಹೇಳುತ್ತಾ?

ಬೆಲ್ಜಿಯಂದು ಕೇಳಿ. ಒಬ್ಬ ಗ್ರಾಹಕ ನನ್ನ ಹೆಸರಿನ ಮೇಲಿನ ಚಿಹ್ನೆ ಸರಿಯಾಗಿ ಹಾಕಿ ಅಂದ, ಬ್ಯಾಂಕು ನಮ್ದು ಹಳೇ ಎಬ್ಸಿಡಿಕ್, ಆಗಲ್ಲ ಅಂತು. 2019ರಲ್ಲಿ ಬ್ರಸೆಲ್ಸ್ ಅಪೀಲು ಕೋರ್ಟು ಆ ನೆಪ ನಡಿಯಲ್ಲ, ಹೆಸರು ಸರಿಯಾಗಿ ಬರೀರಿ ಅಂತು. ಅಲ್ಲೂ ನಾನ್ ಕೇಳೋದು ಅದೇ, ಎಬ್ಸಿಡಿಕ್ ಆಗಲ್ಲ ಅಂದ್ರೆ ಯಾವ ಎಬ್ಸಿಡಿಕ್ ಆಗಲ್ಲ? ಅಮೆರಿಕಾದ್ದಾ? ಯುರೋಪ್ ದೇಶಗಳಿಗೆ ಅಂತಾನೇ ಪೇಜ್ ಇದ್ವಲ್ಲಾ!

ನಮ್ಗೇನ್ ಹೊಸದಾ ಇದು? ನುಡಿಲಿ ಟೈಪ್ ಮಾಡಿದ ಹಳೇ ಫೈಲ್‌ನ ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ತೆಗೆದು ನೋಡಿ, ಮದುವೆ ಕರೆಯೋಲೆ ಬೈಗುಳ ಥರ ಕಾಣುತ್ತೆ. ಆಗ ಮಾತ್ರ "ಯಾವ ಫಾಂಟು" ಅಂತ ಕೇಳ್ತೀರಾ. ಜರ್ಮನ್ ಆದ್ರೆ ಮಾತ್ರ "ನಾರ್ಮಲ್"!

ಇನ್ನೂ ಮೂರು ಪಾಯಿಂಟ್ ಬರ್ಕೊಂಡಿದ್ದೆ, ಈ ಕಾಗದ... ಕಾಫಿ ಚೆಲ್ಲಿದೆ. ಇರ್ಲಿ ಬಿಡಿ, ಎಲ್ಲದ್ರಲ್ಲೂ ಬರೆದಿರೋದು ಅದೇ. ನಂಬರ್. ನಂಬರ್. ಫೈಲ್ ಹೆಸರಲ್ಲೇ ಬರೀರಿ, ಮೇಲ್‌ನಲ್ಲಿ ಬರೀರಿ, ಹಣೆ ಮೇಲೆ ಬರ್ಕೊಳ್ಳಿ.

ತಡೀರಿ, ಲೈವ್ ಚಾಟಲ್ಲಿ ಒಬ್ರು ಏನೋ ಹಾಕಿದಾರೆ. "ಸರ್ ಸೂಪರ್ ವಿಡಿಯೋ, ಆಸ್ಟ್ರಿಯಾದಿಂದ ಒಂದು ಫೈಲ್ ಬಂದಿದೆ, ಹೆಲ್ಪ್ ಮಾಡಿ, ಎಬ್ಸಿಡಿಕ್‌ನಲ್ಲಿದೆ..."

ಯಾವ ಎಬ್ಸಿಡಿಕ್ ಮಾರಾಯಾ?!