ಕುದುರೆಮುಖದ ಹುಲ್ಲು

ಕೇಳುಗರಿಗೆ ನಮಸ್ಕಾರ. ಮಳೆ ಬಿಟ್ಟ ಕೂಡಲೇ ಬ್ಯಾಗು ಹೆಗಲಿಗೇರಿಸಿ ಕುದುರೆಮುಖಕ್ಕೆ ಹೊರಡುವವರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ. ನಿಮಗೆ ನಾನು ಹೇಳುವುದು ಒಂದೇ ಮಾತು. ಅಲ್ಲಿನ ಹುಲ್ಲುಗಾವಲು ಖಾಲಿ ಜಾಗ ಅಲ್ಲ.

1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 600 ಚದರ ಕಿಲೋಮೀಟರ್. ಕಣಿವೆಯಲ್ಲಿ ಶೋಲಾ ಎನ್ನುವ ಕುಳ್ಳ ಮರಗಳ ದಟ್ಟ ಕಾಡು, ನೆತ್ತಿಯಲ್ಲಿ ಹುಲ್ಲು. ಕಾಡು ಕಂಡರೆ ಎಲ್ಲರೂ ಆಹಾ ಅನ್ನುತ್ತಾರೆ. ಹುಲ್ಲನ್ನು ಯಾರೂ ಕೇಳುವುದಿಲ್ಲ.

ಒಮ್ಮೆ ಮುಳ್ಳೋಡಿ ಕಡೆಯಿಂದ ಶಿಖರಕ್ಕೆ ಹತ್ತುವಾಗ ಒಂದು ಯುವಕರ ತಂಡ ಸಿಕ್ಕಿತು. ಎಲ್ಲರ ಬ್ಯಾಗಿನಲ್ಲೂ ಬೀಜದುಂಡೆ, ಮರದ ಬೀಜ ಇಟ್ಟು ಕಟ್ಟಿದ ಮಣ್ಣಿನ ಉಂಡೆ. "ಸಾರ್, ಇಷ್ಟೊಂದು ಗುಡ್ಡ ಬೋಳಾಗಿ ಬಿದ್ದಿದೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಎಸೆಯೋಣ ಅಂತ ತಂದಿದ್ದೀವಿ" ಅಂದರು. ಒಳ್ಳೆ ಮನಸ್ಸು, ಬೈಯಲಿಕ್ಕೂ ಆಗುವುದಿಲ್ಲ. ಕೂತ್ಕೊಳ್ಳಿ ಅಂದೆ. ಎರಡೂ ಕೈಯಲ್ಲಿ ಹುಲ್ಲು ಬಗೆದು ತೋರಿಸಿದೆ. ಬುಡದಲ್ಲಿ ಹೋದ ವರ್ಷದ ಹುಲ್ಲು ಕೊಳೆತು ಕಪ್ಪಾಗಿತ್ತು. ಅದರ ಕೆಳಗೆ ಸಣ್ಣ ಬೇರುಗಳ ಹೆಣಿಗೆ. ಅಂಗೈ ಒತ್ತಿದರೆ ಬೆರಳ ಸಂದಿಯಿಂದ ನೀರು ಬಂತು. ಮಳೆ ಹಿಂದಿನ ದಿನವೇ ನಿಂತಿತ್ತು! ಒಬ್ಬಳ ಬೂಟಿನ ಪಕ್ಕದಲ್ಲೇ ನೆಲದ ಆರ್ಕಿಡ್ ಅರಳಿತ್ತು, ಉಗುರಿನಷ್ಟು ಹೂವು. ಈ ನೀರು ನಿಧಾನವಾಗಿ ಇಳಿದು ಶೋಲಾದ ತೊರೆಗೆ ಸೇರುತ್ತದೆ, ಬೇಸಿಗೆಯಲ್ಲೂ ಹರಿಯುತ್ತದೆ ಅಂದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ, ಅಲ್ವಾ? ಬೀಜದುಂಡೆ ಬ್ಯಾಗಿನಲ್ಲೇ ವಾಪಸ್ ಹೋಯಿತು.

ಹಿಂದೆ ಇಂಥ ಗುಡ್ಡಗಳಲ್ಲಿ ಅಕೇಶಿಯಾ ನೆಟ್ಟು ಕಾಡು ಬೆಳೆಸಿದೆವು ಅಂದವರಿದ್ದಾರೆ. ಅದು ಕಾಡಲ್ಲ ಸ್ವಾಮಿ, ನೆಡುತೋಪು. ಮತ್ತೆ ಹೇಳುತ್ತೇನೆ, ಹುಲ್ಲುಗಾವಲು ಖಾಲಿ ಜಾಗ ಅಲ್ಲ.

ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಅಲ್ಲಿ ಕಬ್ಬಿಣದ ಗಣಿ ನಿಂತಿತು. ಈಗ ನಮ್ಮ ಬೂಟಿನ ಸರದಿ. ದಾರಿ ಕೆಸರು ಅಂತ ಪಕ್ಕದ ಹುಲ್ಲು ತುಳಿಯುತ್ತೀರಿ. ಹಿಂದೆ ಬಂದವರೂ ಅದನ್ನೇ ತುಳಿಯುತ್ತಾರೆ. ಮುಂದಿನ ಮಳೆಗೆ ಅದು ಕೊರಕಲು. ಕೆಸರಾದರೂ ಸರಿ, ದಾರಿಯಲ್ಲೇ ನಡೆಯಿರಿ. ಬೂಟು ತೊಳೆದುಕೊಳ್ಳಬಹುದು.

ಸಿಂಗಳೀಕದ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಅದು ಮರದ ಮೇಲೇ ಬಾಳುವ ಕೋತಿ. ನೀವು ಬಿಸ್ಕತ್ತು ಎಸೆದರೆ ರಸ್ತೆಗಿಳಿಯುತ್ತದೆ, ಗಾಡಿಗೆ ಸಿಕ್ಕಿ ಸಾಯುತ್ತದೆ. ಕೊಡಬೇಡಿ, ಅಷ್ಟೆ. ಕಾಟಿ, ಅಂದರೆ ಕಾಡುಕೋಣ ಕಂಡರೆ ಸೆಲ್ಫಿಗೆ ಹತ್ತಿರ ಹೋಗಬೇಡಿ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಚಾರಣ ನಿಲ್ಲಿಸುವುದುಂಟು, ವಿಚಾರಿಸಿಕೊಂಡೇ ಹೊರಡಿ. ನಮಸ್ಕಾರ.